ಕಥಾ ಸ್ಪರ್ಧೆಯ ಫಲಿತಾಂಶ ಬಂತು, ನನ್ನ ಕಥೆಯ ಬಾಲ ಎಲ್ಲಿ ಹೋಯಿತು?

ಉಣಕಲ್ ಗಾಳಿ, ಹುಬ್ಬಳ್ಳಿ · ರವಿವಾರ ರಾತ್ರಿ 9.40

ನಮ್ಮಲ್ಲಿ ಏಳೆಂಟು ಜನ ಈ ಆನ್‌ಲೈನ್ ಕಥಾ ಸ್ಪರ್ಧೆಗೆ ಕಥೆ ಕಳಿಸಿದ್ದೆವು ಅಲ್ವಾ, ಇವತ್ತು ಸಂಜೆ ಫಲಿತಾಂಶ ಬಂತು. ಮೊದಲ ಮೂರರಲ್ಲಿ ನಮ್ಮ ಕಡೆಯವರು ಯಾರೂ ಇಲ್ಲ. ಮೆಚ್ಚುಗೆ ಪಡೆದ ಹತ್ತು ಕಥೆಗಳಲ್ಲಿ ನನ್ನದು ಎಂಟನೆಯದು.

ಖುಷಿ ಪಡಬೇಕಿತ್ತು. ಪಟ್ಟೆ ಕೂಡ, ಒಂದು ಹತ್ತು ನಿಮಿಷ. ಹೆಂಡತಿಗೆ ತೋರಿಸಿದೆ. ‘ರೊಕ್ಕ ಎಷ್ಟು?’ ಅಂದಳು. ‘ರೊಕ್ಕ ಇಲ್ಲ, ಬರೀ ಮೆಚ್ಚುಗೆ’ ಅಂದೆ. ‘ಹಾಂ’ ಅಂದು ಕುಕ್ಕರ್ ಕಡೆ ಹೋದಳು. ಆಮೇಲೆ ಅವರು ಹಾಕಿದ ಪಿಡಿಎಫ್ ತೆರೆದು ನನ್ನ ಕಥೆ ಓದಿದೆ. ಕಥೆ ಮುಗಿದೇ ಇಲ್ಲ! ಕೊನೆಯ ಎರಡು ಪ್ಯಾರಾ ಮಾಯ. ಕಥೆಯ ಅರ್ಥವೆಲ್ಲ ಇದ್ದದ್ದು ಅಲ್ಲಿಯೇ. ಉಳಿದ ಕಥೆಯನ್ನು ನಾಲ್ಕು ದಿನದಲ್ಲಿ ಬರೆದೆ, ಆ ಎರಡು ಪ್ಯಾರಾಕ್ಕೆ ಒಂದು ತಿಂಗಳು ತಗೊಂಡೆ.

ತೀರ್ಪುಗಾರರು ಬಾಲವಿಲ್ಲದ ಕಥೆ ಓದಿ ಮೆಚ್ಚಿದ್ದಾರೆ. ಪೂರ್ತಿ ಇದ್ದಿದ್ದರೆ ಮೊದಲ ಮೂರರಲ್ಲಿ ಬರುತ್ತಿತ್ತೋ ಏನೋ. ಅಥವಾ ಅವರು ಓದಿಯೇ ಇಲ್ಲವೋ? ಓದಿದವರಿಗೆ ಇದು ಅರ್ಧಕ್ಕೆ ನಿಂತಿದೆ ಅಂತ ಗೊತ್ತಾಗಬೇಕಿತ್ತಲ್ಲ.

ನಿಮ್ಮ ಕಥೆ ಏನಾಯಿತು, ಹೇಳಿ. ಬೈಯುವುದಿದ್ದರೂ ಇಲ್ಲೇ ಬೈಯಿರಿ.

ದುರ್ಗದಬೈಲ್ ಗಿರಮಿಟ್ಟು, ಹುಬ್ಬಳ್ಳಿ · 9.52

ಮೊದಲು ಅಭಿನಂದನೆ, ಅಣ್ಣಾ. ಬಾಲ ಹೋದರೂ ತಲೆ ಉಳಿದಿದೆ.

ನನ್ನ ಕಥೆ ಪಟ್ಟಿಯಲ್ಲಿ ಇಲ್ಲ. ಕೊನೆಯ ದಿನ ಅಂಗಡಿ ಬಾಗಿಲು ಹಾಕಿದ ಮೇಲೆ ಕುಂತು ಬರೆದದ್ದು. ಮಿರ್ಚಿ ಕರಿದ ಹಾಗೆ ಕರಿದು ಕಳಿಸಿದೆ, ಒಳಗೆ ಹಿಟ್ಟು ಹಸಿಯಾಗಿಯೇ ಇತ್ತು. ನನಗೆ ಬೇಜಾರಿಲ್ಲ.

ಸುಳ್ಳು. ಸ್ವಲ್ಪ ಇದೆ.

ಸಪ್ತಾಪುರ ಬಾವಿ, ಧಾರವಾಡ · 10.05

ನನಗೆ ಸ್ವಲ್ಪ ಅಲ್ಲ, ಜಾಸ್ತಿಯೇ ಇದೆ. ಇಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಹಗಲೆಲ್ಲ ಲೈಬ್ರರಿಯಲ್ಲಿ ಸಂವಿಧಾನ, ರಾತ್ರಿ ಕಥೆ. ನಮ್ಮ ಹಳ್ಳಿಯ ಮಾತಿನಲ್ಲಿಯೇ ಇಡೀ ಕಥೆ ಬರೆದಿದ್ದೆ. ಮಾತಷ್ಟೇ ಅಲ್ಲ, ನಿರೂಪಣೆಯೂ ಅದೇ. ಫಲಿತಾಂಶದ ಕೆಳಗೆ ತೀರ್ಪುಗಾರರ ಒಂದು ಸಾಲು ಇದೆ, ನೋಡಿದಿರಾ? ಕೆಲವು ಕಥೆಗಳಲ್ಲಿ ಆಡುಭಾಷೆ ಓದಿಗೆ ತೊಡಕಾಯಿತು ಅಂತ. ಆ ‘ಕೆಲವು’ ನಾನೇ ಅಂತ ಮನಸ್ಸು ಹೇಳುತ್ತಿದೆ.

ಯಾರಿಗೆ ತೊಡಕು? ಬೇಂದ್ರೆ ಅಜ್ಜ ನಮ್ಮ ಧಾರವಾಡದ ಮಾತಿನಲ್ಲೇ ಹಾಡು ಕಟ್ಟಿದರು. ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂತು. ಆಮೇಲೆ ಕಂಬಾರರಿಗೂ ಬಂತು. ದೊಡ್ಡವರು ಬರೆದರೆ ದೇಸಿ ಸೊಗಡು, ನಾವು ಬರೆದರೆ ತೊಡಕು.

ಇನ್ನೊಂದು. ಓದುಗರ ಲೈಕ್‌ಗೂ ಅಂಕ ಅಂತ ನಿಯಮದಲ್ಲಿತ್ತು. ಎರಡನೆಯ ಬಹುಮಾನದವರು ತಮ್ಮ ಆಫೀಸಿನ ಎಲ್ಲ ವಾಟ್ಸಾಪ್ ಗುಂಪಿಗೂ ಲಿಂಕ್ ಕಳಿಸಿದ್ದಾರೆ. ನನ್ನ ಗೆಳೆಯ ಅದೇ ಆಫೀಸಿನವನು. ‘ಕಥೆ ಓದಿದೆಯೇನೋ?’ ಅಂದೆ. ‘ಇಲ್ಲೋ, ಲೈಕ್ ಒತ್ತಿದೆ, ಸಾಹೇಬರ ತಂಗಿ’ ಅಂದ.

ಏಲಕ್ಕಿ ಮಾಲೆ, ಹಾವೇರಿ · 10.20

ತಮ್ಮಾ, ಲೈಕಿನ ವಿಷಯದಲ್ಲಿ ನನ್ನದು ಬೇರೆ ಮಾತು. ನಮ್ಮ ಜಿಲ್ಲೆಯ ಗಳಗನಾಥರು ತಾವು ಬರೆದ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಜನರಿಗೆ ಕನ್ನಡ ಓದುವ ಚಟ ಹಿಡಿಸಲಿಕ್ಕೆ ಅಷ್ಟು ಮಾಡಿದರು. ನಾನು ನನ್ನ ಕಥೆಯ ಲಿಂಕನ್ನು ಸ್ವಂತ ಅಕ್ಕನಿಗೂ ಕಳಿಸಲಿಲ್ಲ. ನಾಚಿಕೆ. ‘ಇವಳಿಗೇನು ಕೆಲಸ ಇಲ್ಲ’ ಅಂದಾರು ಅಂತ. ಹಂಗಾಗಿ ನನ್ನ ಕಥೆಗೆ ಬಂದದ್ದು ನಾಲ್ಕು ಲೈಕು, ಅದರಲ್ಲಿ ಒಂದು ನನ್ನದೇ.

ಕಳಿಸಿದವರನ್ನು ಬೈಯಲಾರೆ. ಓದದೆ ಒತ್ತಿದವರನ್ನು ಬೈಯಿರಿ.

ಡಬ್ಬಿ ಮೆಣಸಿನಕಾಯಿ, ಬ್ಯಾಡಗಿ · 10.48

ಎಲ್ಲರೂ ಬಹುಮಾನದ ಬಗ್ಗೆ ಮಾತಾಡುತ್ತೀರಿ, ಮೊದಲ ಬಹುಮಾನದ ಕಥೆ ಯಾರಾದರೂ ಓದಿದಿರಾ? ನಾನು ಎರಡು ಸಲ ಓದಿದೆ. ಯಾಕಂದರೆ ಅದು ನಡೆಯುವುದು ನಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ, ಬರೆದವರು ಮಾತ್ರ ದೂರದವರು. ಬರೆಯಬಾರದು ಅಂತಲ್ಲ. ಆದರೆ ನೋಡಿ.

ನಾಯಕಿ ಬ್ಯಾಡಗಿ ಕಾಯಿ ಒಂದು ಚೂರು ಕಚ್ಚುತ್ತಾಳೆ, ಖಾರಕ್ಕೆ ಕಣ್ಣಲ್ಲಿ ನೀರು, ಅರ್ಧ ಪುಟ ಒದ್ದಾಟ. ಅಲ್ರೀ, ಬ್ಯಾಡಗಿ ಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಕೆಂಪು ಗಾಢ, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ಬಣ್ಣ ತೆಗೆಯುವ ಕಾರ್ಖಾನೆಗಳು ಅದಕ್ಕೇ ಇದನ್ನು ಹುಡುಕಿಕೊಂಡು ಬರುತ್ತವೆ. ಕಡ್ಡಿ ಅಂದರೆ ಉದ್ದಕ್ಕೆ ತೆಳ್ಳಗೆ, ಡಬ್ಬಿ ಅಂದರೆ ಗಿಡ್ಡಕ್ಕೆ ಉಬ್ಬಿಕೊಂಡು, ಅಂದರೆ ನನ್ನ ಹಾಗೆ. 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಮಾರುಕಟ್ಟೆಗೆ ಕಾಲಿಟ್ಟರೆ ಸೀನು ಬರುತ್ತದೆ, ಅದು ನಿಜ. ಅದು ಧೂಳಿನ ಘಾಟು. ಕಚ್ಚಿ ಅಳುವಂಥದ್ದು ಬೇರೆ ಕಾಯಿ.

ಮತ್ತೆ ಕಥೆಯಲ್ಲಿ ರವಿವಾರ ಹರಾಜು ಕೂಗುತ್ತಾರೆ. ನಮ್ಮಲ್ಲಿ ವ್ಯಾಪಾರದ ದಿನ ಸೋಮವಾರ ಮತ್ತು ಗುರುವಾರ. ಕೂಗುವುದೂ ಇಲ್ಲ, ಇ-ಟೆಂಡರ್. ಚೀಲದ ಸಾಲುಗಳ ನಡುವೆ ಖರೀದಿದಾರರು ಸುಮ್ನೆ ಕಾಯಿ ಮುರಿದು ನೋಡುತ್ತಾ ಹೋಗುತ್ತಾರೆ. ಆ ಮೌನವೇ ಒಂದು ಕಥೆ. ಅಪ್ಪನ ಚೀಲದ ಮುಂದೆ ಯಾರೂ ನಿಲ್ಲದಿದ್ದರೆ ಅಪ್ಪನ ಮುಖ ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ. ಕೂಗಾಟದ ಹರಾಜು ಹಾಕಿ ಅದನ್ನು ಕೆಡಿಸಿದರು.

ಭಾಷೆ ಬಗ್ಗೆ ಹೇಳಿದರಲ್ಲ, ಅದನ್ನೂ ಸೇರಿಸುತ್ತೇನೆ. ಕಥೆಯ ಹಮಾಲ ‘ಕೆಲಸ ಮಾಡ್ಲಿಕ್ಕತ್ತೀನ್ರಿ’ ಅನ್ನುತ್ತಾನೆ. ನಮ್ಮ ಹಮಾಲರು ‘ಮಾಡಾಕತ್ತೀನಿ’ ಅನ್ನುತ್ತಾರೆ. ಆ ‘ಲಿಕ್ಕತ್ತ’ ಧಾರವಾಡದ ಕೆಲವು ಓಣಿಗಳ ಮಾತು. ಎಲ್ಲ ಮಾತಿಗೂ ‘ರೀ’ ಹಚ್ಚಿದರೆ ಉತ್ತರ ಕರ್ನಾಟಕ ಆಗಿಬಿಡುತ್ತದಾ? ಹಮಾಲ ತನ್ನ ಹೆಂಡತಿಗೂ ‘ರೀ’ ಅನ್ನುತ್ತಾನೆ ಆ ಕಥೆಯಲ್ಲಿ!

ಇಷ್ಟು ಬೈದು ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಡುವೆ ತೊಟ್ಟು ಬಿಡಿಸುವ ಹೆಂಗಸರ ಒಂದು ದೃಶ್ಯ ಇದೆ. ಕೆಲಸ ಮುಗಿದ ಮೇಲೂ ಕೈ ಉರಿ ಇಳಿಯದೆ, ಮಗುವಿನ ಕೆನ್ನೆ ಮುಟ್ಟಲಿಕ್ಕೆ ತಾಯಿ ಹೆದರುತ್ತಾಳೆ. ಕಡಿಮೆ ಖಾರದ ಕಾಯಾದರೂ ದಿನವಿಡೀ ಬಿಡಿಸಿದರೆ ಕೈ ಉರಿಯುತ್ತದೆ. ಅದನ್ನು ಬರೆದವರು ನಿಜವಾಗಿ ಅಂಥ ಕೈ ನೋಡಿದ್ದಾರೆ. ಅದೊಂದಕ್ಕೆ ಬಹುಮಾನ ಕೊಟ್ಟಿದ್ದರೆ ನನ್ನ ತಕರಾರಿಲ್ಲ.

ನಿವೃತ್ತ ಮಾಸ್ತರ, ಧಾರವಾಡ · 11.15

ಈ ಹೊತ್ತಿಗೆ ಮಲಗಬೇಕು, ಆದರೆ ಬೈಗುಳ ಕೇಳಿ ನಿದ್ದೆ ಹಾರಿತು. ಕಾಲೇಜಿನ ಕಥಾ ಸ್ಪರ್ಧೆಗಳಿಗೆ ನಾಲ್ಕೈದು ಸಲ ತೀರ್ಪು ಕೊಟ್ಟ ಪಾಪಿ ನಾನು.

ಹೇಗೆ ನಡೆಯುತ್ತದೆ ಹೇಳುತ್ತೇನೆ. ಒಂದು ಸಲ ಅರವತ್ತು ಕಥೆ, ಎಂಟು ದಿನ. ಮೊದಲ ಹತ್ತನ್ನು ಪೆನ್ಸಿಲ್ ಹಿಡಿದು ಓದಿದೆ, ಅಂಚಿನಲ್ಲಿ ಟಿಪ್ಪಣಿ ಬರೆದೆ. ಇಪ್ಪತ್ತಕ್ಕೆ ಬಂದಾಗ ಟಿಪ್ಪಣಿ ನಿಂತವು. ಹೆಚ್ಚಿನ ಕಥೆಗಳು ಮಳೆಯಿಂದ ಶುರು. ‘ಹೊರಗೆ ಧಾರಾಕಾರ ಮಳೆ ಸುರಿಯುತ್ತಿತ್ತು.’ ಧಾರವಾಡದಲ್ಲಿ ಮಳೆ ಜಾಸ್ತಿ, ಒಪ್ಪುತ್ತೇನೆ, ಆದರೆ ಅಷ್ಟಿಲ್ಲ. ವೃದ್ಧಾಶ್ರಮದ ಕಥೆ ಹನ್ನೊಂದು. ಹನ್ನೊಂದರಲ್ಲೂ ಮಗ ಅಮೆರಿಕದಲ್ಲಿ. ನಲವತ್ತನೆಯ ಕಥೆ ಓದುವಾಗ ನಾನು ಓದುಗನಾಗಿ ಉಳಿದಿರಲಿಲ್ಲ, ಜರಡಿ ಆಗಿದ್ದೆ. ಮೊದಲ ಪ್ಯಾರಾ ಹಿಡಿದು ಕೂತರೆ ಮುಂದೆ, ಇಲ್ಲದಿದ್ದರೆ ಪಕ್ಕಕ್ಕೆ. ಹಾಗೆ ಪಕ್ಕಕ್ಕಿಟ್ಟ ಒಂದು ಕಥೆಯನ್ನು ಮುಂದೆ ಒಂದು ದಿನ ರದ್ದಿಗೆ ಹಾಕುವಾಗ ಪೂರ್ತಿ ಓದಿದೆ. ಅವತ್ತು ಊಟ ಸೇರಲಿಲ್ಲ. ಆ ಹುಡುಗಿ ಯಾರೋ, ಮತ್ತೆ ಬರೆದಳೋ ಇಲ್ಲವೋ.

ಆದ್ದರಿಂದ ಸಪ್ತಾಪುರದ ಹುಡುಗನಿಗೆ: ತೀರ್ಪುಗಾರರ ಕಣ್ಣು ದಣಿದಾಗ ಮೊದಲು ಸೋಲುವುದು ಆಡುಮಾತಿನ ಕಥೆ. ಅದನ್ನು ಬಾಯಿ ಬಿಟ್ಟು ಓದಬೇಕು. ಮೊಬೈಲಿನಲ್ಲಿ ಕಣ್ಣಾಡಿಸಿದರೆ ಅಕ್ಷರ ಮಾತ್ರ ಕಾಣುತ್ತದೆ, ದನಿ ಕೇಳುವುದಿಲ್ಲ. ಇದು ಅವರ ತಪ್ಪು, ನಿನ್ನದಲ್ಲ. ಹಾಗಂತ ನಿನ್ನ ಕಥೆ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ, ಇನ್ನೂ ಓದಿಲ್ಲ. ಕಳಿಸು.

ಸಪ್ತಾಪುರ ಬಾವಿ · 11.18

ಸರ, ಈಗಲೇ ಕಳಿಸಿದೆ. ನಾಳೆ ನಿಧಾನಕ್ಕೆ ಓದಿ. ಮೊದಲ ಸಾಲಿನಲ್ಲಿ ಮಳೆ ಇದೆ, ಕ್ಷಮಿಸಿ.

ದುರ್ಗದಬೈಲ್ ಗಿರಮಿಟ್ಟು · ಸೋಮವಾರ ಬೆಳಿಗ್ಗೆ 8.10

ಗಾಳಿ ಅಣ್ಣಾ, ನಿಮ್ಮ ಬಾಲ ಎಲ್ಲಿ ಕತ್ತರಿಸಿತು ಅಂತ ಸಿಕ್ಕಿತು. ಹನ್ನೆರಡು ವರ್ಷದಿಂದ ಡಿಟಿಪಿ ಮಾಡುವವನು, ಇದು ನನ್ನ ರೊಟ್ಟಿ.

ನಿಯಮದಲ್ಲಿ 1500 ಪದ ಮೀರಬಾರದು ಅಂತ ಇತ್ತು. ಆದರೆ ಕಥೆ ಹಾಕುವ ಪೆಟ್ಟಿಗೆ ಪದ ಎಣಿಸುವುದಿಲ್ಲ, ಕ್ಯಾರೆಕ್ಟರ್ ಎಣಿಸುತ್ತದೆ. ಈಗಷ್ಟೇ ಬೇರೆ ಏನೋ ಅಂಟಿಸಿ ನೋಡಿದೆ. 10,000ಕ್ಕೆ ಬಾಗಿಲು ಹಾಕುತ್ತದೆ, ಒಂದು ಮಾತೂ ಹೇಳದೆ. ಇಂಗ್ಲಿಷಿನ ಸಣ್ಣ ಸಣ್ಣ ಪದಗಳಿಗೆ ಅದು ಸಾಕಾಗುತ್ತದೆ. ನಮ್ಮ ಕನ್ನಡಕ್ಕೆ? ‘ಸ್ತ್ರೀ’ ಅಂತ ಬರೆಯಿರಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಆರು: ಸ, ಒಂದು ವಿರಾಮ (ಒತ್ತು ಕೂಡಿಸುವ ಗುರುತು), ತ, ಇನ್ನೊಂದು ವಿರಾಮ, ರ, ಕೊನೆಗೆ ದೀರ್ಘ. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಲೆಕ್ಕ ಏರುತ್ತದೆ. ಅದರ ಮೇಲೆ ನಾವು ಎರಡು ಮೂರು ಪದ ಸೇರಿಸಿ ಒಂದು ಮಾಡುವವರು. ‘ಹೋಗಬೇಕಾಗಿತ್ತಂತೆ’ ಒಂದೇ ಪದ, ಎಷ್ಟು ಉದ್ದ ನೋಡಿ.

ನಿಮ್ಮ ಕಥೆ ಎಷ್ಟು ಪದ ಇತ್ತು?

ಉಣಕಲ್ ಗಾಳಿ · 8.25

1,280. ನಿಯಮದ ಒಳಗೇ ಇದ್ದೆ!

ದುರ್ಗದಬೈಲ್ ಗಿರಮಿಟ್ಟು · 8.31

ಪದಕ್ಕೆ ನಡುವಿನ ಜಾಗ ಸೇರಿ ಎಂಟೂವರೆ ಹಿಡಿದರೂ 10,880. ಎಂಟುನೂರು ಚಿಲ್ಲರೆ ಹೊರಗೆ ಬಿತ್ತು, ಅಂದರೆ ನೂರು ಪದ. ಅದೇ ನಿಮ್ಮ ಎರಡು ಪ್ಯಾರಾ. ನಡುವೆ ಕತ್ತರಿಸಿ ಅರ್ಧ ಪದ ಏನಾದರೂ ಉಳಿದಿದ್ದರೆ, ಪಿಡಿಎಫ್ ಮಾಡಿದವನು ಅದನ್ನು ಅಳಿಸಿ ಅಚ್ಚುಕಟ್ಟಾಗಿ ಪೂರ್ಣವಿರಾಮ ಇಟ್ಟಿರುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನೂ ಪುಣ್ಯ ಮಾಡಿದ್ದೀರಿ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬರೆದು ನೇರ ಅಂಟಿಸಿದ್ದರೆ ಪೂರ್ತಿ ಕಥೆ ಪರದೇಶಿ ಅಕ್ಷರಗಳ ಸಂತೆ ಆಗುತ್ತಿತ್ತು. ಅವಸರದಲ್ಲಿ ಪರಿವರ್ತಿಸಿದರೂ ಅರ್ಕಾವೊತ್ತು ಕೈಕೊಡುತ್ತದೆ. ಒಬ್ಬರು ನಮ್ಮ ಅಂಗಡಿಗೆ ಮದುವೆ ಕಾರ್ಡು ತಂದಿದ್ದರು, ಅದರಲ್ಲಿ ‘ಆಶೀರ್ವಾದ’ಕ್ಕೆ ಅರ್ಕಾವೊತ್ತೇ ಇರಲಿಲ್ಲ. ಅದು ಬೇರೆ ಕಥೆ.

ಕೋನೇರಿ ಕಟ್ಟೆ, ಗದಗ · ಮಧ್ಯಾಹ್ನ 1.30

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ವಕೀಲರ ಆಫೀಸಿನಲ್ಲಿ ಟೈಪಿಂಗ್ ನನ್ನ ಕೆಲಸ. ನೀವೆಲ್ಲ ಬಹುಮಾನಕ್ಕೆ ಜಗಳ ಆಡುತ್ತಾ ಒಂಬತ್ತನೆಯ ನಿಯಮ ನೋಡಿಲ್ಲ. ಕಳಿಸಿದ ಎಲ್ಲ ಕಥೆಗಳ ಎಲ್ಲ ಹಕ್ಕೂ ಸಂಘಟಕರದ್ದು ಅಂತ ಇದೆ. ಗೆದ್ದವರದ್ದಷ್ಟೇ ಅಲ್ಲ, ಸೋತವರದ್ದೂ! ನಾಳೆ ಅದನ್ನು ಯಾರಾದರೂ ಕಿರುಚಿತ್ರ ಮಾಡಿದರೆ ನಾವು ನೋಡಿ ಲೈಕ್ ಒತ್ತಬೇಕು.

1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಓದಿ. ಹಕ್ಕು ಬರೆದುಕೊಡುವುದು ಲಿಖಿತವಾಗಿ ಇರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಮತ್ತೆ ಕಥೆ ಬರೆದ ಕೂಡಲೇ ಹಕ್ಕು ನಿಮ್ಮದು. ಅದಕ್ಕೆ ನೋಂದಣಿ ಬೇಕಿಲ್ಲ. ನಿಮ್ಮ ಜೀವಮಾನ ಮುಗಿದ ಮೇಲೂ 60 ವರ್ಷ ನಿಮ್ಮ ಮಕ್ಕಳು ಮರಿಗೆ ಇರುತ್ತದೆ. ಒಂದು ಮೇಲ್ ಹಾಕಿ, ಒಂದು ಸಲ ಪ್ರಕಟಿಸಲಿಕ್ಕೆ ಮಾತ್ರ ಒಪ್ಪಿಗೆ ಅಂತ ಬರೆಸಿಕೊಳ್ಳಿ. ನಾನು ಹಾಕಿದೆ. ಉತ್ತರ ಇನ್ನೂ ಬಂದಿಲ್ಲ.

ನನ್ನ ಕಥೆಯೂ ಪಟ್ಟಿಯಲ್ಲಿಲ್ಲ. ಬೆಳಿಗ್ಗೆ ವೀರನಾರಾಯಣನ ಗುಡಿಗೆ ಹೋಗಿ ಕುಮಾರವ್ಯಾಸ ಕೂತು ಬರೆದ ಅನ್ನುವ ಕಂಬದ ಹತ್ತಿರ ಸುಮ್ನೆ ನಿಂತು ಬಂದೆ.

ಏಲಕ್ಕಿ ಮಾಲೆ · ಸಂಜೆ 6.45

ನಿನ್ನೆಯಿಂದ ಓದುತ್ತಿದ್ದೇನೆ, ಇಲ್ಲಿ ಯಾರೂ ಒಬ್ಬರದೊಬ್ಬರು ಓದಿಲ್ಲ. ಡಬ್ಬಿ ಅಣ್ಣನವರು ಒಬ್ಬರೇ ಓದಿ ಮಾತಾಡಿದರು. ಹಂಗಾಗಿ ನಾನು ಇವತ್ತು ಮಧ್ಯಾಹ್ನ ಗಾಳಿ ಅಣ್ಣನ ಕಥೆ ನಮ್ಮ ಅತ್ತೆಗೆ ಓದಿ ಹೇಳಿದೆ. ಅವರಿಗೆ ಕಣ್ಣು ಮಂಜು, ಕಿವಿ ಚುರುಕು.

ಓದದವರಿಗಾಗಿ ಹೇಳುತ್ತೇನೆ. ಮಿಲ್ಲಿನಲ್ಲಿ ದುಡಿಯುವ ಅಪ್ಪ. ಬೆಳಗಿನ ಭೋಂಗಾ, ಅಂದರೆ ಮಿಲ್ಲಿನ ಸೈರನ್, ಆದ ಕೂಡಲೇ ಅವ್ವ ಡಬ್ಬಿ ಕಟ್ಟಿ ಬಾಗಿಲ ಹತ್ತಿರ ಇಡುತ್ತಾಳೆ. ಮಿಲ್ಲು ಮುಚ್ಚುತ್ತದೆ, ಭೋಂಗಾ ನಿಲ್ಲುತ್ತದೆ, ಅಪ್ಪ ತೀರಿಕೊಳ್ಳುತ್ತಾನೆ. ವರ್ಷಗಳಾದ ಮೇಲೆ ಮಗ ಊರಿಗೆ ಬಂದು ಮಲಗಿದಾಗ ನಸುಕಿನಲ್ಲಿ ಎಚ್ಚರ. ಭೋಂಗಾ ಇಲ್ಲ, ಏನೂ ಇಲ್ಲ. ಅವ್ವ ಎದ್ದಿದ್ದಾಳೆ. ಡಬ್ಬಿ ಒರೆಸಿ ಬಾಗಿಲ ಹತ್ತಿರ ಇಟ್ಟಳು. ಅಲ್ಲಿಗೆ ನಿಂತಿದೆ.

ನಾನು ಓದಿ ನಿಲ್ಲಿಸಿದೆ. ಅತ್ತೆ ‘ಮುಂದ?’ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತರು. ಆಮೇಲೆ ಕೇಳಿದರು, ‘ಡಬ್ಬ್ಯಾಗ ಏನಿತ್ತಂತ?’

ಅಣ್ಣಾ, ಏನಿತ್ತು?

ಉಣಕಲ್ ಗಾಳಿ · 7.10

ಅಕ್ಕಾರ, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಆದರೆ ಅದು ಮುಗಿದ ಕಥೆ ಅಲ್ಲ. ನೀವು ಪೂರ್ತಿ ಓದಬೇಕು. ಬಿಟ್ಟುಹೋದ ಬಾಲದ ಮುಖ್ಯ ಸಾಲುಗಳನ್ನು ಇಲ್ಲಿ ಹಾಕುತ್ತೇನೆ:

‘ಅವನಿಗೆ ಅರಿವಾಯಿತು. ಜೀವನವೇ ಒಂದು ಮಿಲ್ಲು. ವಿಧಿಯ ಭೋಂಗಾ ಕೂಗಿದಾಗ ಎಲ್ಲರೂ ಹೊರಡಲೇಬೇಕು. ಆದರೆ ತಾಯಿಯ ಮಮತೆಗೆ ಮಾತ್ರ ಪಾಳಿಯಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ. ಅವನ ಕಣ್ಣಾಲಿಗಳು ತುಂಬಿ ಬಂದವು. ಹೊರಗೆ ಧಾರಾಕಾರ ಮಳೆ ಸುರಿಯತೊಡಗಿತು.’

ದುರ್ಗದಬೈಲ್ ಗಿರಮಿಟ್ಟು · 7.14

ಬಾಲ ಕತ್ತರಿಸಿದ ಆ ಪೆಟ್ಟಿಗೆಗೂ ಒಂದು ಮೆಚ್ಚುಗೆ ಬಹುಮಾನ ಕೊಡಬೇಕು.

ಡಬ್ಬಿ ಮೆಣಸಿನಕಾಯಿ · 7.20

ಗಿರಮಿಟ್ಟೂ, ಒರಟು ಮಾತಾಡಬೇಡ. ಆದರೆ ಅಣ್ಣಾ, ಅವನು ಹೇಳಿದ್ದು ಖರೆ.

ಸಪ್ತಾಪುರ ಬಾವಿ · 7.31

ನಾನು ಒಪ್ಪುವುದಿಲ್ಲ. ನನಗೆ ಬಾಲ ಇಷ್ಟವಾಯಿತು, ಮಳೆ ಬಿಟ್ಟು. ನಮ್ಮೂರ ಕಟ್ಟೆ ಮೇಲೆ ಕಥೆ ಹೇಳಿ ಕೊನೆಗೆ ನಾಲ್ಕು ಮಾತು ಹೇಳದಿದ್ದರೆ ಮುದುಕರು ಏಳುವುದೇ ಇಲ್ಲ. ‘ಅಂದರೇನಾತು?’ ಅಂತ ಕೇಳುತ್ತಾರೆ. ಕಥೆ ಹಠಾತ್ತನೆ ನಿಂತರೇ ಚಂದ ಅನ್ನುವುದೂ ಒಂದು ಫ್ಯಾಷನ್ ಅಲ್ವಾ?

ನಿವೃತ್ತ ಮಾಸ್ತರ · 8.05

ಕಟ್ಟೆಯ ಮೇಲೆ ಹೇಳುವವನ ಮುಖ ಎದುರಿಗಿರುತ್ತದೆ, ಹುಡುಗಾ. ಆ ನಾಲ್ಕು ಮಾತಿನಲ್ಲಿ ಅವನ ದನಿ, ಕೈಯಾಟ ಎಲ್ಲ ಇರುತ್ತದೆ. ಇಲ್ಲಿ ‘ಅವನಿಗೆ ಅರಿವಾಯಿತು’ ಅಂದರೆ ಯಾರ ದನಿ ಅದು? ಅವ್ವನದಲ್ಲ, ಮಗನದೂ ಅಲ್ಲ. ಭಾಷಣ ಸ್ಪರ್ಧೆಯ ದನಿ. ಅಷ್ಟು ಹೊತ್ತು ಹುಬ್ಬಳ್ಳಿ ಓಣಿಯಲ್ಲಿ ಓಡಾಡುತ್ತಿದ್ದ ಕಥೆ ದಿಢೀರ್ ಅಂತ ವೇದಿಕೆ ಹತ್ತಿ ಶಾಲು ಹೊದ್ದು ನಿಂತಿದೆ.

ಗಾಳಿಯವರೇ, ನೀವು ಒಂದು ತಿಂಗಳು ಕಷ್ಟಪಟ್ಟದ್ದು ಅಲ್ಲೇ ಅಂದಿರಿ. ಡಬ್ಬಿ ಒರೆಸಿದ ಸಾಲಿಗೆ ಎಷ್ಟು ಹೊತ್ತು ಬೇಕಾಯಿತು?

(ಸಪ್ತಾಪುರ, ನಿನ್ನ ಕಥೆ ಬಾಯಿ ಬಿಟ್ಟು ಓದಿದೆ. ಎತ್ತು ಮಾರುವ ದೃಶ್ಯ ಗಟ್ಟಿ. ಎರಡನೆಯ ಪುಟ ಪೂರ್ತಿ ತೆಗೆ. ಫೋನ್ ಮಾಡು, ಇಲ್ಲಿ ಬರೆದರೆ ಉದ್ದವಾಗುತ್ತದೆ.)

ಉಣಕಲ್ ಗಾಳಿ · 8.40

ಆ ಸಾಲು ಬರೆದದ್ದೇ ನೆನಪಿಲ್ಲ, ಸರ. ನಮ್ಮ ಮನೆಯಲ್ಲಿ ನೋಡಿದ್ದು, ಹಾಗೇ ಬಂತು.

ಈಗ ಸಿಟ್ಟು ಯಾರ ಮೇಲೆ ಮಾಡಬೇಕು ತಿಳಿಯುತ್ತಿಲ್ಲ. ಸಂಘಟಕರಿಗೆ ಉದ್ದನೆಯ ಮೇಲ್ ಬರೆದಿಟ್ಟಿದ್ದೆ, ನನ್ನ ಕಥೆ ಕತ್ತರಿಸಿದಿರಿ ಅಂತ. ಪೆಟ್ಟಿಗೆ ಸರಿ ಮಾಡಿ ಅಂತ ಹೇಳಲಿಕ್ಕಾದರೂ ಕಳಿಸಬೇಕು, ಮುಂದಿನ ಸಲ ಬೇರೆಯವರಿಗೆ ತೊಂದರೆ. ಆದರೆ ಬಾಲ ಸೇರಿಸಿ ಮತ್ತೆ ಹಾಕಿ ಅಂತ ಕೇಳಿದ್ದ ಭಾಗ ತೆಗೆದೆ.

ಪೂರ್ತಿ ಮನಸ್ಸಿನಿಂದ ಅಲ್ಲ. ‘ಪಾಳಿಯಿಲ್ಲ’ ಅನ್ನುವ ಮಾತು ನನಗೆ ಇನ್ನೂ ಚಂದ ಅನಿಸುತ್ತದೆ.

ಕೋನೇರಿ ಕಟ್ಟೆ · 9.02

ಇಟ್ಟ ಪದ ಅಳಿಸುವುದಿಲ್ಲ ಅಂತ ನಮ್ಮ ಗದುಗಿನ ಕವಿ ಹೆಮ್ಮೆ ಹೇಳಿಕೊಂಡ. ಅವನಿಗೆ ಸಲ್ಲುತ್ತದೆ. ನಾನು ವಕಾಲತ್ತು ಟೈಪ್ ಮಾಡುವಾಗಲೇ ಮೂರು ಸಲ ಅಳಿಸುತ್ತೇನೆ.

ಮುಂದಿನ ರವಿವಾರ ಧಾರವಾಡದಲ್ಲಿ ಸೇರೋಣವಾ? ವಿದ್ಯಾವರ್ಧಕ ಸಂಘದ ಅಂಗಳದಲ್ಲಿ, ಮರದ ಕೆಳಗೆ. ಒಬ್ಬೊಬ್ಬರು ಬೇರೆಯವರ ಕಥೆ ಓದಬೇಕು, ತಮ್ಮದಲ್ಲ. ಚಹಾದ ಖರ್ಚು ಮೆಚ್ಚುಗೆ ಪಡೆದವರದ್ದು.

ದುರ್ಗದಬೈಲ್ ಗಿರಮಿಟ್ಟು · 9.06

ನಾನು ಚಿಗರಿ ಬಸ್ಸಿಗೆ ಬರುತ್ತೇನೆ. ಪೇಢೆ ಕೂಡ ಮೆಚ್ಚುಗೆಯವರ ಲೆಕ್ಕಕ್ಕೇ ಹಚ್ಚಿ.

ಏಲಕ್ಕಿ ಮಾಲೆ · 9.30

ಹಾವೇರಿಯಿಂದ ನನಗೆ ಆಗುತ್ತದೋ ಇಲ್ಲವೋ, ಮನೆಯಲ್ಲಿ ಕೇಳಿ ಹೇಳುತ್ತೇನೆ. ನನ್ನ ಕಥೆಯನ್ನು ಯಾರಾದರೂ ಓದುತ್ತೀರಾದರೆ ಕಳಿಸುತ್ತೇನೆ. ಅತ್ತೆ ಮತ್ತೆ ಕೇಳುತ್ತಿದ್ದಾರೆ ಅಣ್ಣಾ, ಡಬ್ಬಿಯ ವಿಷಯ.

ಡಬ್ಬಿ ಮೆಣಸಿನಕಾಯಿ · 9.33

ಅಕ್ಕಾ, ನನಗೆ ಕಳಿಸಿ. ಗುರುವಾರದ ಮಾರುಕಟ್ಟೆ ಮುಗಿಸಿ ಶುಕ್ರವಾರ ಓದಿ ಹೇಳುತ್ತೇನೆ.

ಉಣಕಲ್ ಗಾಳಿ · ಮಂಗಳವಾರ ಬೆಳಿಗ್ಗೆ 7.15

ರಾತ್ರಿ ಅವ್ವನಿಗೆ ಫೋನ್ ಮಾಡಿದ್ದೆ. ಅಪ್ಪನ ಡಬ್ಬಿಯಲ್ಲಿ ಏನು ಕಟ್ಟುತ್ತಿದ್ದೆ ಅಂತ ಕೇಳಿದೆ. ‘ಮೂರು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಪಗಾರದ ವಾರ ಅಷ್ಟ ಕಾಯಿಪಲ್ಯ’ ಅಂದಳು. ಸ್ವಲ್ಪ ತಡೆದು, ‘ಉಳ್ಳಾಗಡ್ಡಿ ಹೆಚ್ಚಿ ಇಡತಿದ್ದಿಲ್ಲ, ನಿಮ್ಮಪ್ಪಗ ಗುದ್ದಿ ತಿನ್ನೂದ ಬೇಕಿತ್ತು’ ಅಂದಳು.

ಯಾಕೆ ಕೇಳುತ್ತೀ ಅಂದಳು. ಹಾವೇರಿಯಲ್ಲಿ ಒಬ್ಬರು ಅಜ್ಜಿ ಕೇಳಿದರು ಅಂದೆ.